ವಾಹನಗಳ ಹೊಗೆಯಲ್ಲಿ ಸೈಕಲ್ ತುಳಿದರೆ ಆರೋಗ್ಯ ಕೆಡುವುದಿಲ್ಲವೇ?

ಪ್ರಶ್ನೆ: ನಗರದ ರಸ್ತೆಗಳಲ್ಲಿ ನಡಿಗೆಗೆ, ಸೈಕಲ್‌ಗೆ ಜಾಗ ಮಾಡಿಕೊಟ್ಟರೆ ಜನರ ಆರೋಗ್ಯ ಸುಧಾರಿಸುತ್ತದೆ ಎನ್ನುತ್ತಾರೆ. ಹೊಗೆಯ ನಡುವೆ ಏದುಸಿರು ಬಿಡುತ್ತಾ ತುಳಿದರೆ ಒಳಿತಿಗಿಂತ ಕೆಡುಕೇ ಹೆಚ್ಚಲ್ಲವೇ?

ಉತ್ತರ: ನಿಮ್ಮ ಅನುಮಾನದಲ್ಲಿ ಹುರುಳಿದೆ. ಸೈಕಲ್ ತುಳಿಯುವವರು ಕಾರಿನಲ್ಲಿ ಕುಳಿತವರಿಗಿಂತ ಹೆಚ್ಚು ಗಾಳಿ ಎಳೆದುಕೊಳ್ಳುತ್ತಾರೆ. ಅದರ ಜೊತೆಗೆ ಮಸಿಯೂ ಒಳಗೆ ಹೋಗುತ್ತದೆ. ಆದರೂ ಸಾಮಾನ್ಯವಾಗಿ ಗೆಲ್ಲುವುದು ವ್ಯಾಯಾಮವೇ. ಕೇಂಬ್ರಿಜ್ ಸಂಶೋಧಕರು 2016ರಲ್ಲಿ ಪ್ರಕಟಿಸಿದ ಅಂದಾಜಿನಂತೆ, ಪಿಎಂ 2.5 ಕಣಗಳು (ಶ್ವಾಸಕೋಶದ ಆಳಕ್ಕೆ ಇಳಿಯುವ ಅತಿ ಸಣ್ಣ ಕಣಗಳು) ಘನ ಮೀಟರಿಗೆ 100 ಮೈಕ್ರೋಗ್ರಾಂನಷ್ಟಿರುವ ಕೆಟ್ಟ ಗಾಳಿಯಲ್ಲೂ ನಷ್ಟವು ಲಾಭವನ್ನು ಮೀರಬೇಕಾದರೆ ದಿನಕ್ಕೆ ಒಂದೂವರೆ ಗಂಟೆ ಸೈಕಲ್ ತುಳಿಯಬೇಕು, ಇಲ್ಲವೇ ಹತ್ತು ಗಂಟೆಗೂ ಹೆಚ್ಚು ನಡೆಯಬೇಕು.

ಆದರೆ ಇದು ಸರಾಸರಿಯ ಮಾತು. ಲಂಡನ್ನಿನಲ್ಲಿ ನಡೆದ ಇನ್ನೊಂದು ಅಧ್ಯಯನದಲ್ಲಿ ಅರವತ್ತು ದಾಟಿದವರನ್ನು ಒಂದು ದಿನ ಹೈಡ್ ಪಾರ್ಕ್ ಉದ್ಯಾನದಲ್ಲಿ, ಇನ್ನೊಂದು ದಿನ ಡೀಸೆಲ್ ಬಸ್ಸು, ಟ್ಯಾಕ್ಸಿಗಳು ಕಿಕ್ಕಿರಿದ ಆಕ್ಸ್‌ಫರ್ಡ್ ಸ್ಟ್ರೀಟ್‌ನಲ್ಲಿ ಎರಡೆರಡು ಗಂಟೆ ನಡೆಸಿ ನೋಡಿದರು. ಉದ್ಯಾನದಲ್ಲಿ ನಡೆದಾಗ ಶ್ವಾಸಕೋಶದ ಸಾಮರ್ಥ್ಯ ಹೆಚ್ಚಿತು, ರಕ್ತನಾಳಗಳ ಬಿಗಿತ ಇಳಿಯಿತು. ಬೀದಿಯಲ್ಲಿ ನಡೆದಾಗ ಆ ಲಾಭದಲ್ಲಿ ಬಹುಪಾಲು ಸೋರಿಹೋಯಿತು. ದೀರ್ಘಕಾಲದ ಶ್ವಾಸಕೋಶದ ಕಾಯಿಲೆ ಇದ್ದವರಿಗೆ ಕೆಮ್ಮು, ಉಬ್ಬಸವೂ ಹೆಚ್ಚಾದವು. ನಡೆದವರು ಅವರೇ, ನಡೆದ ಹೊತ್ತೂ ಅಷ್ಟೇ, ಬದಲಾದದ್ದು ದಾರಿ.

ಆದ್ದರಿಂದ ಡಾಂಬರಿನ ಮೇಲೊಂದು ಬಿಳಿ ಗೆರೆ ಎಳೆದು ಅದನ್ನೇ ಸೈಕಲ್ ಪಥ ಎನ್ನುವುದು ನನ್ನ ಪ್ರಕಾರ ಕೆಲಸ ತಪ್ಪಿಸಿಕೊಳ್ಳುವ ಉಪಾಯ. ಪಥವನ್ನು ವಾಹನಗಳಿಂದ ಕೆಲವು ಮೀಟರ್ ದೂರ ಸರಿಸಿದರೂ ಮೂಗಿಗೆ ಬರುವ ಹೊಗೆ ಕಡಿಮೆಯಾಗುತ್ತದೆ. ತಿರುವಿನ ಮೂಲೆಯನ್ನು ಚೂಪಾಗಿಸಿದರೆ ಚಾಲಕರು ವೇಗ ತಗ್ಗಿಸದೆ ತಿರುಗಲಾರರು. ರಸ್ತೆ ದಾಟುವ ಜಾಗವನ್ನು ಪಾದಚಾರಿ ಮಾರ್ಗದ ಮಟ್ಟಕ್ಕೇ ಎತ್ತರಿಸಿದರೆ ಗಾಲಿಕುರ್ಚಿಯವರಿಗೂ ಹಾದಿ ಸುಗಮ.

ಇನ್ನೊಂದು ಮಾತು: ಇಂಥ ರಸ್ತೆಯ ಲಾಭ ಸೈಕಲ್ ಮುಟ್ಟದವರಿಗೂ ಸಿಗುತ್ತದೆ. ಬಾರ್ಸಿಲೋನಾದಲ್ಲಿ ಹಲವು ಬೀದಿಗಳ ಗುಂಪಿನಿಂದ ಹಾದುಹೋಗುವ ವಾಹನಗಳನ್ನು ಹೊರಗಿಡುವ ‘ಸೂಪರ್‌ಬ್ಲಾಕ್’ ಯೋಜನೆ ಇದೆ. ಉದ್ದೇಶಿಸಿದ 503 ಸೂಪರ್‌ಬ್ಲಾಕ್‌ಗಳೂ ಆದರೆ ವರ್ಷಕ್ಕೆ 667 ಅಕಾಲ ಮರಣಗಳನ್ನು ತಪ್ಪಿಸಬಹುದು ಎಂದು 2020ರ ಅಧ್ಯಯನವೊಂದು ಅಂದಾಜಿಸಿತು. ಅದರಲ್ಲಿ ವ್ಯಾಯಾಮದ ಪಾಲು ಬರೀ 36! ವಾಹನಗಳ ಹೊಗೆಯಲ್ಲಿರುವ ನೈಟ್ರೋಜನ್ ಡೈಆಕ್ಸೈಡ್ ಅನಿಲ ತಗ್ಗುವುದರಿಂದ 291, ಗದ್ದಲ ಇಳಿಯುವುದರಿಂದ 163, ಬಿಸಿ ಕಡಿಮೆಯಾಗುವುದರಿಂದ 117, ಉಳಿದ 60 ಹಸಿರಿನಿಂದ.

ನಿಮ್ಮ ಮಟ್ಟಿಗೆ ಹೇಳುವುದಾದರೆ, ಮುಖ್ಯರಸ್ತೆ ಬಿಟ್ಟು ಪಕ್ಕದ ಒಳರಸ್ತೆ ಹಿಡಿಯಿರಿ, ಸ್ವಲ್ಪ ಸುತ್ತಾದರೂ ಸರಿ. ಆಸ್ತಮಾ ಅಥವಾ ಹೃದ್ರೋಗವಿದ್ದರೆ ದಿನಕ್ಕೆ ಎಷ್ಟು ದೂರ ಎಂಬುದನ್ನು ವೈದ್ಯರನ್ನು ಕೇಳಿ ನಿರ್ಧರಿಸಿ.