ಅನ್ಯೂರಿಸಂ ಒಡೆಯುವುದು ಅಂದರೇನು? ಆಮೇಲೆ ಏನಾಗುತ್ತದೆ?

ಅನ್ಯೂರಿಸಂ ಅಂದರೆ ರಕ್ತನಾಳದ ಗೋಡೆ ಬಲ ಕಳೆದುಕೊಂಡು ಉಬ್ಬುವುದು. ಗ್ರೀಕ್ ಮೂಲದಲ್ಲಿ ಈ ಪದಕ್ಕೆ ಹಿಗ್ಗುವುದು ಅಂತಲೇ ಅರ್ಥ. ಹೃದಯದಿಂದ ಹೊರಟು ಬೆನ್ನುಮೂಳೆಯ ಮುಂದೆ ಇಳಿಯುವ ದೊಡ್ಡ ರಕ್ತನಾಳ ಅಯೋರ್ಟಾ. ಹೊಟ್ಟೆಯಲ್ಲಿ ಅದರ ಅಗಲ ಸುಮಾರು 2 ಸೆಂ.ಮೀ. ಅದು 3 ಮುಟ್ಟಿದರೆ ಅನ್ಯೂರಿಸಂ. ಗಂಡಸರಲ್ಲಿ 5.5ಕ್ಕೆ ಬಂದರೆ ಆಪರೇಷನ್ ಮಾತು ಶುರುವಾಗುತ್ತದೆ. ಬಹಳ ಜನಕ್ಕೆ ಅಲ್ಲಿವರೆಗೆ ಏನೂ ಗೊತ್ತೇ ಆಗುವುದಿಲ್ಲ.

ಒಡೆದಾಗ ಹೊಟ್ಟೆ ಅಥವಾ ಬೆನ್ನಲ್ಲಿ ಇದ್ದಕ್ಕಿದ್ದಂತೆ ತಡೆಯಲಾರದ ನೋವು, ಬೆವರು, ತಲೆಸುತ್ತು. ಕಿಡ್ನಿ ಕಲ್ಲು ಅಂದುಕೊಂಡು ಹೊತ್ತು ಕಳೆಯುವುದೂ ಉಂಟು. ಒಡೆದವರಲ್ಲಿ ಸುಮಾರು ಶೇ. 80 ಮಂದಿ ಉಳಿಯುವುದಿಲ್ಲ. ಎಷ್ಟೋ ಜನ ಆಸ್ಪತ್ರೆಯನ್ನೇ ತಲುಪುವುದಿಲ್ಲ. ರಕ್ತ ಬೆನ್ನಿನ ಕಡೆಗೆ ಸೋರಿ, ಸುತ್ತಲಿನ ಅಂಗಾಂಶ ಅದನ್ನು ಸ್ವಲ್ಪ ಹೊತ್ತು ಒತ್ತಿ ಹಿಡಿದರೆ ಒಂದು ಅವಕಾಶ ಸಿಗುತ್ತದೆ. ಆಗ ಹೊಟ್ಟೆ ತೆರೆದು ಕೃತಕ ನಾಳ ಹೊಲಿಯುತ್ತಾರೆ, ಇಲ್ಲವೇ ತೊಡೆಸಂದಿನ ರಕ್ತನಾಳದ ಮೂಲಕ ಸ್ಟೆಂಟ್ ಗ್ರಾಫ್ಟ್ (ಬಟ್ಟೆ ಹೊದಿಸಿದ ಲೋಹದ ಜಾಲರಿ ಕೊಳವೆ) ಕೂರಿಸುತ್ತಾರೆ.

ಮನೆಯವರು ಕಂಗಾಲಾಗುವುದು ಇದಾದ ಮೇಲೆ. "ಆಪರೇಷನ್ ಆಯ್ತು" ಅಂದ ಡಾಕ್ಟರೇ ಮಾರನೇ ದಿನ "ಕಿಡ್ನಿ ಕೆಲಸ ಮಾಡ್ತಿಲ್ಲ" ಅನ್ನುತ್ತಾರೆ. ಏನೋ ತಪ್ಪಾಯಿತು ಅಂತ ಅನ್ನಿಸುವುದು ಸಹಜ ಅಲ್ವಾ? ಆದರೆ ರಕ್ತ ಹರಿದುಹೋದ ಆ ಹೊತ್ತಲ್ಲಿ ಎಲ್ಲ ಅಂಗಗಳೂ ಉಸಿರುಗಟ್ಟಿದಂತೆ ಇದ್ದವು. ಅದರ ಪೆಟ್ಟು ತಡವಾಗಿ ಕಾಣುತ್ತದೆ. ಅದಕ್ಕೇ ಐಸಿಯುನಲ್ಲಿ ನರ್ಸ್ ಗಂಟೆಗೊಮ್ಮೆ ಮಂಚದ ಪಕ್ಕ ಬಗ್ಗಿ, ಮೂತ್ರದ ಚೀಲದಲ್ಲಿ ಎಷ್ಟು ಮಿಲಿ ಇದೆ ಅಂತ ಬರೆದುಕೊಳ್ಳುವುದು. ಕಡಿಮೆಯಾದರೆ ಡಯಾಲಿಸಿಸ್ ಬೇಕಾಗಬಹುದು. ದೊಡ್ಡ ಕರುಳಿನ ಎಡಭಾಗಕ್ಕೆ ರಕ್ತ ಸಾಲದೆ ಅದು ಸಾಯಬಹುದು; ಬೇಗ ಶುರುವಾಗುವ ರಕ್ತ ಬೆರೆತ ಭೇದಿ ಅದರ ಸುಳಿವು. ಹೊಟ್ಟೆ ಊದಿ ಒಳಗಿನ ಒತ್ತಡ ಏರಿದರೆ ಗಾಯವನ್ನು ಕೆಲವು ದಿನ ಮುಚ್ಚದೆ ಬಿಡಬೇಕಾಗುತ್ತದೆ. ಹೃದಯಾಘಾತ, ನ್ಯುಮೋನಿಯಾದ ಭಯವೂ ಇದೆ.

ಹೊಟ್ಟೆ ತೆರೆಯುವುದು, ಸ್ಟೆಂಟ್ ಕೂರಿಸುವುದು ಇವೆರಡನ್ನೂ ಹೋಲಿಸಿ ಬ್ರಿಟನ್ನಿನಲ್ಲಿ ಮುಖ್ಯವಾಗಿ ನಡೆದ ಇಂಪ್ರೂವ್ ಅಧ್ಯಯನದ 2014ರ ವರದಿಯಲ್ಲಿ, ಎರಡೂ ವಿಧಾನಗಳಲ್ಲಿ ಮೂರರಲ್ಲಿ ಒಬ್ಬರಿಗಿಂತ ಸ್ವಲ್ಪ ಜಾಸ್ತಿ ಮಂದಿ 30 ದಿನದೊಳಗೆ ತೀರಿಕೊಂಡಿದ್ದರು.

ಐನ್‌ಸ್ಟೈನ್ ಅವರಿಗಿದ್ದದ್ದೂ ಇದೇ. 1948ರಲ್ಲಿ ಸರ್ಜನ್ ರುಡಾಲ್ಫ್ ನಿಸ್ಸೆನ್ ಆ ಉಬ್ಬಿಗೆ ಸೆಲೊಫೇನ್ ಹಾಳೆ ಸುತ್ತಿದ್ದರು. 1955ರ ಏಪ್ರಿಲ್‌ನಲ್ಲಿ ಅದು ಒಡೆಯಿತು. ಆಪರೇಷನ್ ಬೇಡವೆಂದ ಅವರು 76ನೇ ವಯಸ್ಸಿನಲ್ಲಿ ಹೋದರು.

ಬದುಕಿ ಮನೆಗೆ ಬಂದವರು ಸಿಗರೇಟು, ಬೀಡಿ ಮುಟ್ಟಬಾರದು. ಸ್ಟೆಂಟ್ ಹಾಕಿಸಿಕೊಂಡಿದ್ದರೆ ಸೋರಿಕೆ ಇದೆಯಾ ಅಂತ ಸ್ಕ್ಯಾನ್‌ಗೆ ಹೋಗುತ್ತಲೇ ಇರಬೇಕು. ಅವರ ಅಣ್ಣತಮ್ಮಂದಿರು, ವಯಸ್ಸಾದ ಮಕ್ಕಳು ಒಮ್ಮೆ ಹೊಟ್ಟೆಯ ಅಲ್ಟ್ರಾಸೌಂಡ್ ಮಾಡಿಸಿಕೊಳ್ಳಲಿ. ಈ ಕಾಯಿಲೆ ಮನೆತನದಲ್ಲಿ ಹರಿದುಬರುವುದುಂಟು.