ಒಂದೇ ಶಾಲೆ, ಎರಡು ರಿಸಲ್ಟ್

2014ರ ಆಗಸ್ಟ್‌ನಲ್ಲಿ ಅಮೆರಿಕದ ವಾಷಿಂಗ್ಟನ್ ರಾಜ್ಯದ ಎಷ್ಟೋ ಅಪ್ಪ ಅಮ್ಮಂದಿರಿಗೆ ಮಕ್ಕಳ ಶಾಲೆಯಿಂದ ಒಂದು ಪತ್ರ ಬಂತು. ಕೇಂದ್ರದ ಕಾನೂನು ಇಟ್ಟಿರುವ ಗುರಿಯನ್ನು ನಿಮ್ಮ ಶಾಲೆ ಮುಟ್ಟಿಲ್ಲ ಅನ್ನುವುದು ಅದರ ಸಾರ. ಕೆಲವು ಜಿಲ್ಲೆಗಳ ಶಾಲಾ ಅಧಿಕಾರಿಗಳು ಅದರ ಜೊತೆಗೇ ತಮ್ಮದೊಂದು ಪತ್ರ ಕಳಿಸಿದರು. ನಮ್ಮ ಶಾಲೆಗಳು ಚೆನ್ನಾಗಿಯೇ ನಡೆಯುತ್ತಿವೆ, ಈ ಹಣೆಪಟ್ಟಿ ಸರಿಯಲ್ಲ ಅಂತ ಅದರಲ್ಲಿ ಬರೆದಿತ್ತು. ಪಾಲಕರು ಯಾವುದನ್ನು ನಂಬಬೇಕು?

ಅಮೆರಿಕದಲ್ಲಿ ಶಾಲೆ ನಡೆಸುವುದು ರಾಜ್ಯಗಳ ಕೆಲಸ. ಖರ್ಚಿನಲ್ಲಿ ಕೇಂದ್ರದ ಪಾಲು ಸಾಮಾನ್ಯವಾಗಿ ಶೇ 10ರ ಆಸುಪಾಸು ಅಷ್ಟೆ. ಆದರೆ ಆ ದುಡ್ಡಿಗೆ ಷರತ್ತು ಹಾಕಬಹುದಲ್ವಾ? 2002ರ ಜನವರಿಯಲ್ಲಿ ಅಧ್ಯಕ್ಷ ಜಾರ್ಜ್ ಡಬ್ಲ್ಯೂ. ಬುಷ್ ಸಹಿ ಹಾಕಿದ 'ನೋ ಚೈಲ್ಡ್ ಲೆಫ್ಟ್ ಬಿಹೈಂಡ್' ಕಾನೂನು ಮಾಡಿದ್ದು ಅದನ್ನೇ. 3ರಿಂದ 8ನೇ ತರಗತಿವರೆಗೆ ಪ್ರತಿ ವರ್ಷ, ಹೈಸ್ಕೂಲಿನಲ್ಲಿ ಒಂದು ಸಲ, ಓದು ಮತ್ತು ಗಣಿತದ ಪರೀಕ್ಷೆ. 2014ರ ಹೊತ್ತಿಗೆ ಎಲ್ಲ ಮಕ್ಕಳೂ ಪಾಸಾಗಬೇಕು ಅನ್ನುವ ಗುರಿ.

ಅಷ್ಟರಲ್ಲಿ ಕೆಲವು ರಾಜ್ಯಗಳು ತಮ್ಮದೇ ರೀತಿಯಲ್ಲಿ ಶಾಲೆಗಳ ಲೆಕ್ಕ ಕೇಳಲು ಶುರು ಮಾಡಿಯಾಗಿತ್ತು. ಫ್ಲೋರಿಡಾದಲ್ಲಿ 1999ರಿಂದಲೇ ಶಾಲೆಗಳಿಗೆ 'ಎ'ಯಿಂದ 'ಎಫ್'ವರೆಗೆ ಗ್ರೇಡ್. ಅದೇ ವರ್ಷ ಕಾನೂನು ಮಾಡಿದ ಕ್ಯಾಲಿಫೋರ್ನಿಯಾ, ಪ್ರತಿ ಶಾಲೆಗೂ 200ರಿಂದ 1000ದ ಒಳಗೆ ಒಂದು ಅಂಕ ಕೊಡುತ್ತಿತ್ತು. 800 ಮುಟ್ಟುವುದು ಗುರಿ. ಈ ಕ್ಯಾಲಿಫೋರ್ನಿಯಾ ಲೆಕ್ಕವನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಇಡೀ ಗೊಂದಲದ ಬೇರು ಅಲ್ಲಿದೆ.

ಅಲ್ಲಿ ಪರೀಕ್ಷೆ ಬರೆದ ಮಕ್ಕಳನ್ನು ಐದು ಮಟ್ಟಗಳಲ್ಲಿ ಇಡುತ್ತಿದ್ದರು. ತೀರಾ ಕೆಳಗಿನ ಮಟ್ಟಕ್ಕೆ 200, ಅದರ ಮೇಲಿನದಕ್ಕೆ 500, ಆಮೇಲೆ 700, 875, 1000. ಎಲ್ಲ ಮಕ್ಕಳ ಈ ಅಂಕಗಳ ಸರಾಸರಿಯೇ ಹೆಚ್ಚುಕಡಿಮೆ ಶಾಲೆಯ ಅಂಕ. ಒಬ್ಬ ಹುಡುಗಿ ಹೋದ ವರ್ಷ ತೀರಾ ಕೆಳಗಿದ್ದಳು, ಈ ವರ್ಷ ಒಂದು ಮೆಟ್ಟಿಲು ಹತ್ತಿದಳು ಅಂದುಕೊಳ್ಳಿ. ರಾಜ್ಯದ ಲೆಕ್ಕದಲ್ಲಿ ಅವಳಿಂದ 300 ಅಂಕ ಜಾಸ್ತಿ. ಮೇಲಿದ್ದ ಹುಡುಗ 875ರಿಂದ 1000ಕ್ಕೆ ಹೋದರೆ ಬರುವುದು 125 ಮಾತ್ರ. ಅಂದರೆ ಎಲ್ಲರಿಗಿಂತ ಹಿಂದಿರುವ ಮಗುವನ್ನು ಎತ್ತಿದ ಟೀಚರ್ ಶ್ರಮಕ್ಕೆ ಜಾಸ್ತಿ ಬೆಲೆ. ಕೇಂದ್ರದ ಲೆಕ್ಕ ಕೇಳುತ್ತಿದ್ದದ್ದು ಒಂದೇ: ಮಗು 875ರ ಗೆರೆ ದಾಟಿತೋ ಇಲ್ಲವೋ? ಅವಳು ದಾಟಿಲ್ಲ. ಹೋದ ವರ್ಷವೂ ಫೇಲ್, ಈ ವರ್ಷವೂ ಫೇಲ್. ಅಂಥ ನೂರು ಮಕ್ಕಳಿದ್ದರೆ ರಾಜ್ಯದ ಕಣ್ಣಿಗೆ ಶಾಲೆ ಎದ್ದು ನಿಂತಿದೆ, ಕೇಂದ್ರದ ಕಣ್ಣಿಗೆ ಏನೂ ಆಗಿಲ್ಲ. ಎರಡರಲ್ಲಿ ಯಾವುದೂ ಸುಳ್ಳಲ್ಲ. ಕೇಳಿದ ಪ್ರಶ್ನೆ ಬೇರೆ.

ಇನ್ನೊಂದು ವ್ಯತ್ಯಾಸವೂ ಇತ್ತು. ಫ್ಲೋರಿಡಾದ ಗ್ರೇಡ್ ಒಟ್ಟು ಅಂಕ ಕೂಡಿ ಬರುವಂಥದ್ದು. ಒಂದರಲ್ಲಿ ಕಡಿಮೆಯಾದದ್ದು ಇನ್ನೊಂದರಲ್ಲಿ ತುಂಬಿಕೊಳ್ಳುತ್ತಿತ್ತು. ಕೇಂದ್ರದ್ದು ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡ್ ಇದ್ದ ಹಾಗೆ, ಐದು ವಿಷಯದಲ್ಲಿ ಡಿಸ್ಟಿಂಕ್ಷನ್ ಬಂದು ಗಣಿತ ಒಂದು ಹೋದರೂ ಫೇಲ್. ಮಕ್ಕಳನ್ನು ಜನಾಂಗ, ಬಡತನ, ಅಂಗವೈಕಲ್ಯ, ಇಂಗ್ಲಿಷ್ ಕಲಿಯುತ್ತಿರುವವರು ಅಂತ ಗುಂಪು ಮಾಡಿ, ಪ್ರತಿ ಗುಂಪಿನಲ್ಲೂ ಇಷ್ಟು ಪಾಲು ಮಕ್ಕಳು ಪಾಸಾಗಬೇಕು ಅನ್ನುವ ಗೆರೆ ಇತ್ತು; ಓದು, ಗಣಿತ ಎರಡರಲ್ಲೂ ಪ್ರತಿ ಗುಂಪು ಅದನ್ನು ದಾಟಬೇಕಿತ್ತು.

ಇದರ ಗಣಿತ ನೋಡಿ. ಒಂದು ಗೆರೆ ದಾಟುವ ಸಾಧ್ಯತೆ ಶೇ 95 ಅಂದುಕೊಳ್ಳಿ. ಒಂದೇ ಗುಂಪಿರುವ ಶಾಲೆಗೆ ಎರಡು ಗೆರೆ. ಎರಡನ್ನೂ ದಾಟುವ ಸಾಧ್ಯತೆ ಶೇ 90. ಐದು ಗುಂಪಿದ್ದರೆ ಹತ್ತು ಗೆರೆ. 0.95 ಅನ್ನು ಹತ್ತು ಸಲ ಗುಣಿಸಿದರೆ ಸುಮಾರು 0.60. ಒಂದೇ ಮಗು ಎರಡು ಮೂರು ಗುಂಪಿನಲ್ಲಿ ಇರುವುದರಿಂದ ನಿಜವಾದ ಲೆಕ್ಕ ಇಷ್ಟು ಸರಳವಲ್ಲ, ಆದರೆ ಅದು ಎತ್ತ ವಾಲುತ್ತದೆ ಅನ್ನುವುದು ಸ್ಪಷ್ಟ. ಎಲ್ಲ ಥರದ ಮಕ್ಕಳೂ ಕೂಡಿ ಕಲಿಯುವ ಶಾಲೆಗೇ ಫೇಲ್ ಆಗುವ ಭಯ ಜಾಸ್ತಿ. ಇದು ನನಗೆ ಬಹಳ ನೋವಿನ ವಿಷಯ.

ಇನ್ನು ಗುಂಪು ಚಿಕ್ಕದಾದಷ್ಟೂ ಅದೃಷ್ಟದ ಪಾತ್ರ ದೊಡ್ಡದು. ಅರ್ಥಶಾಸ್ತ್ರಜ್ಞರಾದ ಥಾಮಸ್ ಕೇನ್ ಮತ್ತು ಡಗ್ಲಸ್ ಸ್ಟೈಗರ್ ನಾರ್ತ್ ಕ್ಯಾರೊಲಿನಾದ ಅಂಕಗಳನ್ನು ಪರಿಶೀಲಿಸಿ ಇದನ್ನು ತೋರಿಸಿದರು. ಚಿಕ್ಕ ಶಾಲೆಗಳೇ ಪಟ್ಟಿಯ ಮೇಲ್ತುದಿಯಲ್ಲೂ ಜಾಸ್ತಿ, ಕೆಳತುದಿಯಲ್ಲೂ ಜಾಸ್ತಿ. ಇಪ್ಪತ್ತು ಮಕ್ಕಳ ಕ್ಲಾಸಿನಲ್ಲಿ ಇಬ್ಬರಿಗೆ ಜ್ವರ ಬಂದರೂ ಸರಾಸರಿ ಅಲುಗಾಡುತ್ತದೆ.

ಇಷ್ಟೆಲ್ಲ ಇದ್ದರೂ ಕೇಂದ್ರದ ಕಾನೂನನ್ನು ನಾನು ತಳ್ಳಿಹಾಕುವುದಿಲ್ಲ. ಶಾಲೆಯ ಒಟ್ಟು ಸರಾಸರಿ ಚೆನ್ನಾಗಿದ್ದಾಗ ಅದರ ಹಿಂದೆ ಬಡ ಮಕ್ಕಳು, ಕಪ್ಪು ಮಕ್ಕಳು, ಅಂಗವಿಕಲ ಮಕ್ಕಳು ಮರೆಯಾಗುವುದು ಬಲು ಸುಲಭ. ಪ್ರತಿ ಗುಂಪಿನ ಅಂಕವನ್ನೂ ಬೇರೆ ಬೇರೆಯಾಗಿ ಎಲ್ಲರ ಮುಂದಿಡಿ ಅಂತ ದೇಶದ ಎಲ್ಲ ರಾಜ್ಯಗಳಿಗೂ ಹೇಳಿದ್ದು ಆ ಕಾನೂನೇ. ಅದರ ತಪ್ಪು ಇದ್ದದ್ದು ಗೆರೆಯಲ್ಲಿ. ಅದೂ ಎಂಥ ಗೆರೆ? ಪಾಸ್ ಮಾರ್ಕು ಎಷ್ಟಿರಬೇಕು ಅನ್ನುವುದನ್ನು ಆಯಾ ರಾಜ್ಯಕ್ಕೇ ಬಿಟ್ಟಿದ್ದರು. ಮ್ಯಾಸಚೂಸೆಟ್ಸ್‌ನಂಥ ರಾಜ್ಯ ಗೆರೆಯನ್ನು ಎತ್ತರಕ್ಕೆ ಎಳೆದು ಕಷ್ಟಪಟ್ಟಿತು. ಕೆಳಗೆ ಎಳೆದುಕೊಂಡ ರಾಜ್ಯಗಳು ಕಾಗದದ ಮೇಲೆ ಚೆನ್ನಾಗಿ ಕಂಡವು.

ಕನ್ನಡದ ಮನೆಗಳಿಗೂ ಇದು ತಟ್ಟುತ್ತದೆ. ಅಮೆರಿಕದಲ್ಲಿ ಮಗುವನ್ನು ಸರ್ಕಾರಿ ಶಾಲೆಗೆ ಸೇರಿಸುವಾಗ ಮನೆಯಲ್ಲಿ ಯಾವ ಭಾಷೆ ಆಡುತ್ತೀರಿ ಅಂತ ಕೇಳುತ್ತಾರೆ. ಕನ್ನಡ ಅಂತ ಬರೆದರೆ ಸಾಮಾನ್ಯವಾಗಿ ಮಗುವಿಗೆ ಇಂಗ್ಲಿಷ್ ಪರೀಕ್ಷೆ ಇರುತ್ತದೆ. ಅದರಲ್ಲಿ ಕಡಿಮೆ ಬಂದರೆ 'ಇಂಗ್ಲಿಷ್ ಕಲಿಯುವವರ' ಗುಂಪು. ಚೆನ್ನಾಗಿ ಕಲಿತ ಮಗು ಆ ಗುಂಪಿನಿಂದ ಹೊರಗೆ ಬರುತ್ತದೆ, ಹೊಸದಾಗಿ ಬಂದ ಮಗು ಒಳಗೆ ಸೇರುತ್ತದೆ. ಹಾಗಾಗಿ ಶಾಲೆ ಎಷ್ಟೇ ಚೆನ್ನಾಗಿ ಕಲಿಸಿದರೂ ಆ ಗುಂಪಿನ ಅಂಕ ಮೇಲೇಳುವುದು ಕಷ್ಟ.

2015ರ ಡಿಸೆಂಬರ್‌ನಲ್ಲಿ ಬರಾಕ್ ಒಬಾಮ ಸಹಿ ಹಾಕಿದ ಹೊಸ ಕಾನೂನು ಇದನ್ನು ಒಂದಿಷ್ಟು ಸರಿಮಾಡಿತು. ಗುಂಪಿನಿಂದ ಹೊರಬಂದ ಮಗುವನ್ನು ನಾಲ್ಕು ವರ್ಷದವರೆಗೆ ಅಲ್ಲೇ ಎಣಿಸಬಹುದು. ನೂರಕ್ಕೆ ನೂರು ಅನ್ನುವ ಗುರಿ ಹೋಯಿತು. ಅಳೆಯುವ ರೀತಿಯನ್ನು ರಾಜ್ಯಗಳೇ ರೂಪಿಸುತ್ತವೆ. ಕೇಂದ್ರದ ದುಡ್ಡು ಪಡೆಯುವ ಶಾಲೆಗಳಲ್ಲಿ ತೀರಾ ಹಿಂದಿರುವ ಶೇ 5ನ್ನು, ಮೂರನೇ ಒಂದು ಭಾಗ ಅಥವಾ ಅದಕ್ಕಿಂತ ಜಾಸ್ತಿ ಮಕ್ಕಳು ಓದು ಮುಗಿಸದ ಹೈಸ್ಕೂಲುಗಳನ್ನು ಗುರುತಿಸಿ ನೆರವಾಗಬೇಕು.

ಒಂದು ಗುಂಪನ್ನು ಲೆಕ್ಕಕ್ಕೆ ತೆಗೆದುಕೊಳ್ಳಲು ಎಷ್ಟು ಮಕ್ಕಳಿರಬೇಕು ಅನ್ನುವುದು ಮಾತ್ರ ಇನ್ನೂ ರಾಜ್ಯದ ಕೈಯಲ್ಲೇ ಇದೆ. ಕೆಲವು ಕಡೆ 10, ಕೆಲವು ಕಡೆ 30. ಅಲ್ಲಿ ಮನೆ ಕೊಳ್ಳುವ ಮುಂಚೆ ಶಾಲೆಯ ಗ್ರೇಡ್ ನೋಡುವ ನಮ್ಮವರು ರಾಜ್ಯದ ರಿಪೋರ್ಟ್ ಕಾರ್ಡನ್ನೂ ತೆರೆದು ನೋಡಲಿ. ಯಾವ ಗುಂಪಿನ ಅಂಕ ಎಷ್ಟು ಅನ್ನುವುದರ ಜೊತೆಗೆ, ಯಾವ ಗುಂಪಿನ ಮುಂದಿನ ಜಾಗ ಖಾಲಿ ಇದೆ ಅನ್ನುವುದೂ ಅಲ್ಲಿ ಕಾಣುತ್ತದೆ.