ಉಣ್ಣೆಯಿಲ್ಲದ ಸ್ವೆಟರ್

ಹಾಕಿ ಎಂದೊಡನೆ ಕೊಡಗಿನವರ ಕಣ್ಣಿಗೆ ಕಟ್ಟುವುದು ಮೈದಾನದ ಆಟ. ಕೆನಡಾದಲ್ಲಿ ಅದೇ ಹೆಸರು ಮಂಜುಗಡ್ಡೆಯ ಮೇಲೆ ಸ್ಕೇಟ್ ಕಟ್ಟಿಕೊಂಡು ಆಡುವ ಆಟಕ್ಕೆ ಸಲ್ಲುತ್ತದೆ. ‘ಜೆರ್ಸಿ’ ಎಂಬ ಮಾತು ಎಷ್ಟೇ ರೂಢಿಯಾಗಿದ್ದರೂ ಅಲ್ಲಿನ ಹಳೆಯ ಅಭಿಮಾನಿಗಳು ಆಟಗಾರನ ಅಂಗಿಯನ್ನು ಇಂದಿಗೂ ‘ಸ್ವೆಟರ್’ ಎಂದೇ ಕರೆಯುತ್ತಾರೆ. 1909ರಲ್ಲಿ ಹುಟ್ಟಿದ ಮಾಂಟ್ರಿಯಲ್ ಕೆನೇಡಿಯನ್ಸ್ ತಂಡದ ಅಂಗಿಗೆ, ಅದರ ಮೂಲಕ ಇಡೀ ತಂಡಕ್ಕೇ, ಫ್ರೆಂಚ್ ಮಾತನಾಡುವ ಅಭಿಮಾನಿಗಳು ಇಟ್ಟ ಹೆಸರು ‘ಸೇಂತ್ ಫ್ಲಾನೆಲ್’, ಅಂದರೆ ಪವಿತ್ರ ಫ್ಲಾನೆಲ್ (ಫ್ಲಾನೆಲ್ ಎಂದರೆ ಮೆತ್ತನೆಯ ಉಣ್ಣೆಬಟ್ಟೆ). ಇಂದು ಆಟಗಾರರು ತೊಡುವ ಅಂಗಿ ಪಾಲಿಯೆಸ್ಟರಿನದು. ಅದರಲ್ಲಿ ಉಣ್ಣೆ ಇಲ್ಲ. ಆದರೂ ಈ ಹೆಸರುಗಳನ್ನು ಬರಿಯ ಹಳೆಯ ರೂಢಿಯೆಂದು ತಳ್ಳಿಹಾಕಲು ನನಗೆ ಮನಸ್ಸಿಲ್ಲ. ಅವುಗಳ ಜಾಡು ಹಿಡಿದು ಹೋದರೆ ಬಟ್ಟೆ, ಬೆವರು, ಘರ್ಷಣೆ ಮತ್ತು ಬಣ್ಣಗಳ ವಿಜ್ಞಾನ ಒಂದೊಂದಾಗಿ ಎದುರಾಗುತ್ತದೆ.

ಈ ಆಟದ ಉತ್ತರ ಅಮೆರಿಕದ ವೃತ್ತಿಪರ ಪಂದ್ಯಾವಳಿಯಾದ ನ್ಯಾಷನಲ್ ಹಾಕಿ ಲೀಗ್ 1917ರಲ್ಲಿ ಆರಂಭವಾದಾಗ ಆಟಗಾರರು ತೊಡುತ್ತಿದ್ದುದು ದಪ್ಪ ಉಣ್ಣೆಯ ಹೆಣಿಗೆಯ ಅಂಗಿಯನ್ನು, ಮತ್ತು ಆ ಚಳಿಗೆ ಅದು ಸರಿಯಾದ ಆಯ್ಕೆಯೇ ಆಗಿತ್ತು. ಉಣ್ಣೆಯ ಎಳೆ ಕೆರಾಟಿನ್ ಎಂಬ ಪ್ರೋಟೀನಿನಿಂದಾದದ್ದು. ಅದರ ಹೊರಮೈ ನೀರನ್ನು ದೂರ ತಳ್ಳುತ್ತದೆ, ಆದರೆ ಒಳಭಾಗ ನೀರಿನ ಆವಿಯನ್ನು ಹೀರಿಕೊಳ್ಳುತ್ತದೆ. ತನ್ನ ತೂಕದ ಸುಮಾರು ಮೂರನೆಯ ಒಂದು ಭಾಗದಷ್ಟು ತೇವವನ್ನು ಒಳಗಿಟ್ಟುಕೊಂಡ ಮೇಲೂ ಮುಟ್ಟಿದವರಿಗೆ ಅದು ಒದ್ದೆ ಎನಿಸುವುದಿಲ್ಲ. ಹೀಗೆ ಆವಿಯನ್ನು ಹೀರುವಾಗ ಸ್ವಲ್ಪ ಶಾಖವೂ ಹೊರಬೀಳುತ್ತದೆ. ಎಳೆಗಳ ಸಹಜವಾದ ಗುಂಗುರಿನಲ್ಲಿ ಸಿಕ್ಕಿಕೊಂಡ ಗಾಳಿ ಮೈಯ ಬಿಸಿಯನ್ನು ತಡೆದಿಡುತ್ತದೆ. ಬೆವರು ಮಿತಿ ಮೀರಿದಾಗ ಮಾತ್ರ ಈ ಗುಣಗಳೆಲ್ಲ ತಿರುಗಿ ಬೀಳುತ್ತವೆ. ಬೆಂಚಿನಿಂದ ಎದ್ದು, ಮುಕ್ಕಾಲು ನಿಮಿಷದಷ್ಟು ಹೊತ್ತು ಮೈಯಲ್ಲಿರುವ ಬಲವನ್ನೆಲ್ಲ ಹಾಕಿ ಆಡಿ, ಮರಳಿ ಬಂದು ಕೂರುವ ಆಟವಿದು. ಒಂದೇ ಪಂದ್ಯದಲ್ಲಿ ಎರಡು ಲೀಟರಿಗೂ ಹೆಚ್ಚು ಬೆವರು ಸುರಿಸುವವರಿದ್ದಾರೆ. ಅಷ್ಟನ್ನು ಕುಡಿದ ಉಣ್ಣೆ ಭಾರವಾಗುತ್ತದೆ, ಜೋಲುತ್ತದೆ, ಬೇಗ ಒಣಗುವುದೂ ಇಲ್ಲ.

ಪಾಲಿಯೆಸ್ಟರ್ ಎಳೆಯ ಸ್ವಭಾವ ಇದಕ್ಕೆ ವಿರುದ್ಧವಾದದ್ದು. ಸಾಮಾನ್ಯ ಹವೆಯಲ್ಲಿ ಅದು ಹೀರುವ ತೇವ ತನ್ನ ತೂಕದ ಶೇ. 0.4ರಷ್ಟು ಮಾತ್ರ. ಹಾಗಾದರೆ ಬೆವರು ಎಲ್ಲಿಗೆ ಹೋಗುತ್ತದೆ? ಎಳೆಯ ಒಳಕ್ಕೆ ಇಳಿಯಲಾಗದ ದ್ರವವು ಎಳೆಗಳ ನಡುವಿನ ಕಿರಿದಾದ ಸಂದುಗಳಲ್ಲಿ ಲೋಮನಾಳ ಕ್ರಿಯೆಯಿಂದ, ಅಂದರೆ ದೀಪದ ಬತ್ತಿಯಲ್ಲಿ ಎಣ್ಣೆ ಏರುವಂತೆ, ಹರಡಿಕೊಂಡು ಬಟ್ಟೆಯ ಹೊರಮೈಗೆ ಬರುತ್ತದೆ, ಅಲ್ಲಿ ಗಾಳಿಗೆ ತೆರೆದುಕೊಂಡು ಆವಿಯಾಗುತ್ತದೆ. ಬೆವರಿಗೆ ಹೊರಗೆ ಬರುವ ದಾರಿ ಇರುವವರೆಗೆ ಈ ವ್ಯವಸ್ಥೆ ಚೆನ್ನಾಗಿಯೇ ನಡೆಯುತ್ತದೆ.

ಆ ದಾರಿ ಮುಚ್ಚಿದರೆ ಆಗುವುದೇನು ಎಂಬುದು 2007ರಲ್ಲಿ ಎಲ್ಲರಿಗೂ ತಿಳಿಯಿತು. ಆ ವರ್ಷ ರೀಬಾಕ್ ಕಂಪನಿ ಲೀಗಿನ ಎಲ್ಲ ತಂಡಗಳಿಗೂ ‘ಎಡ್ಜ್’ ಎಂಬ ಹೊಸ ಸಮವಸ್ತ್ರವನ್ನು ಕೊಟ್ಟಿತು. ಮೈಗೆ ಹತ್ತಿರವಾದ, ಗಾಳಿಯ ತಡೆ ಕಡಿಮೆಯಾಗಲೆಂದು ರೂಪಿಸಿದ ಆ ಅಂಗಿಯ ಬಟ್ಟೆ ನೀರನ್ನು ಹೀರದಂತೆ ಸಂಸ್ಕರಿಸಲ್ಪಟ್ಟಿತ್ತು. ಅಂಗಿ ಹಗುರವಾಗಿಯೇ ಉಳಿಯಿತು, ಆದರೆ ಬೆವರಿಗೆ ಅದರೊಳಗೆ ಇಳಿಯಲು ಎಡೆ ಇರಲಿಲ್ಲ. ಅದು ತೋಳಿನ ಗುಂಟ ಕೈಗವಸಿಗೂ ಕಾಲಿನ ಗುಂಟ ಸ್ಕೇಟಿಗೂ ಹರಿಯುತ್ತಿದೆ ಎಂದು ಆಟಗಾರರು ದೂರಿದರು. ಒದ್ದೆಯಾದ ಕೈಗವಸಿನಲ್ಲಿ ಕೋಲಿನ ಹಿಡಿತ ನಿಲ್ಲುವುದಾದರೂ ಹೇಗೆ? ಕಂಪನಿ ಬಟ್ಟೆಯನ್ನು ಬದಲಾಯಿಸಬೇಕಾಯಿತು. ಮೈಯ ಬೆವರನ್ನು ಮೊದಲು ತನ್ನೊಳಗೆ ಬಿಟ್ಟುಕೊಳ್ಳುವುದು ಅಂಗಿಯ ಮೊದಲ ಕೆಲಸ. ಆ ಕೆಲಸವನ್ನು ಉಣ್ಣೆಯ ಹಳೆಯ ಸ್ವೆಟರ್ ತನ್ನ ಭಾರದ ನಡುವೆಯೂ ಮಾಡುತ್ತಿತ್ತು.

ಪ್ಯಾಂಟಿನ ಕಥೆ ಚಿಕ್ಕದು. ಹಾಕಿಯ ಸಮವಸ್ತ್ರವೆಂದರೆ ತುಂಡು ಪ್ಯಾಂಟು ಮತ್ತು ಹೆಣಿಗೆಯ ಉದ್ದನೆಯ ಕಾಲುಚೀಲ. 1981ರಲ್ಲಿ ಫಿಲಡೆಲ್ಫಿಯಾ ಫ್ಲೈಯರ್ಸ್, ಮರುವರ್ಷ ಹಾರ್ಟ್‌ಫರ್ಡ್ ವೇಲರ್ಸ್ ತಂಡಗಳು ಇವುಗಳ ಬದಲು ಕೂಪರ್ ಕಂಪನಿಯ ಉದ್ದ ಪ್ಯಾಂಟುಗಳನ್ನು ತೊಟ್ಟವು. ಅವನ್ನು ಜನ ಇಂದಿಗೂ ‘ಕೂಪರಾಲ್ಸ್’ ಎಂದೇ ನೆನೆಯುತ್ತಾರೆ. ಬಿದ್ದ ಆಟಗಾರನ ವೇಗ ಎಷ್ಟು ಬೇಗ ಕುಗ್ಗುತ್ತದೆ ಎಂಬುದು ಅವನ ತೂಕವನ್ನು ಅವಲಂಬಿಸಿಲ್ಲ, ಬಟ್ಟೆಗೂ ಮಂಜುಗಡ್ಡೆಗೂ ನಡುವಿನ ಘರ್ಷಣೆಯ ಗುಣಾಂಕವನ್ನು ಅವಲಂಬಿಸಿದೆ. ನುಣುಪಾದ ನೈಲಾನ್ ತೊಟ್ಟವನು ಹೆಣಿಗೆಯ ಕಾಲುಚೀಲದವನಿಗಿಂತ ಹೆಚ್ಚು ದೂರ ಜಾರುತ್ತಾನೆ, ಅಂಚಿನ ಹಲಗೆಗೆ ಹೆಚ್ಚು ವೇಗದಲ್ಲಿ ಬಡಿಯುತ್ತಾನೆ. ಈ ಅಪಾಯದ ಮಾತು ಎದ್ದಿತು, ಉದ್ದ ಪ್ಯಾಂಟುಗಳು ಲೀಗಿನಿಂದ ಮರೆಯಾದವು.

ಬಣ್ಣದ ವಿಷಯ ಇಷ್ಟು ಸುಲಭವಾಗಿ ಬಗೆಹರಿದಿಲ್ಲ. 1978ರಲ್ಲಿ ವ್ಯಾಂಕೂವರ್ ಕನಕ್ಸ್ ತಂಡ ಕಪ್ಪು, ಕಿತ್ತಳೆ, ಹಳದಿಗಳ ಸಮವಸ್ತ್ರಕ್ಕೆ ಬದಲಾಯಿತು. ಎದೆಯ ಮೇಲೆ ಹರಡಿದ್ದ ದೊಡ್ಡ ‘ವಿ’ ಆಕಾರದಿಂದಾಗಿ ಅದಕ್ಕೆ ‘ಫ್ಲೈಯಿಂಗ್ ವಿ’ ಎಂಬ ಹೆಸರು ಬಂತು. ಈ ಬಣ್ಣಗಳು ಆಟಗಾರರಲ್ಲಿ ಆಕ್ರಮಣಶೀಲತೆಯನ್ನು ಹುಟ್ಟಿಸುತ್ತವೆ ಎಂಬುದು ವಿನ್ಯಾಸಕರ ವಾದವಾಗಿತ್ತು. ಹತ್ತು ವರ್ಷಗಳ ನಂತರ, 1988ರಲ್ಲಿ, ಕಾರ್ನೆಲ್ ವಿಶ್ವವಿದ್ಯಾಲಯದ ಮಾರ್ಕ್ ಫ್ರ್ಯಾಂಕ್ ಮತ್ತು ಥಾಮಸ್ ಗಿಲೊವಿಚ್ ಪ್ರಕಟಿಸಿದ ಅಧ್ಯಯನದಲ್ಲಿ, ಕಪ್ಪು ತೊಡುವ ತಂಡಗಳಿಗೆ ಹೆಚ್ಚು ಪೆನಾಲ್ಟಿ ಬೀಳುತ್ತದೆ ಎಂದು ಕಂಡುಬಂತು. ಅವರ ಪ್ರಯೋಗವೊಂದು ನನಗೆ ಬಹಳ ಮುಖ್ಯವೆನಿಸುತ್ತದೆ: ಅಮೆರಿಕನ್ ಫುಟ್‌ಬಾಲಿನ ಒಂದೇ ಬಗೆಯ ಆಟವನ್ನು ಬಿಳಿ ಮತ್ತು ಕಪ್ಪು ಸಮವಸ್ತ್ರಗಳಲ್ಲಿ ಚಿತ್ರೀಕರಿಸಿ ತೋರಿಸಿದಾಗ, ಕಪ್ಪು ತೊಟ್ಟವರನ್ನೇ ನೋಡುಗರು ಹೆಚ್ಚು ಒರಟರೆಂದು ತೀರ್ಮಾನಿಸಿದರು.

ಹಾಕಿಯಲ್ಲಿ ಇದನ್ನು ಪರೀಕ್ಷಿಸುವುದಕ್ಕೆ ಒಂದು ತೊಡಕಿತ್ತು. 1970ರಿಂದ ಮೂರು ದಶಕಗಳ ಕಾಲ ಆತಿಥೇಯ ತಂಡ ಬಿಳಿಯನ್ನೂ ಪ್ರವಾಸಿ ತಂಡ ಗಾಢ ಬಣ್ಣವನ್ನೂ ತೊಡುತ್ತಿದ್ದುದರಿಂದ, ಪೆನಾಲ್ಟಿ ಹೆಚ್ಚಾದದ್ದು ಬಣ್ಣದಿಂದಲೋ ಪರಸ್ಥಳದಲ್ಲಿ ಆಡಿದ್ದರಿಂದಲೋ ಬಿಡಿಸಿ ಹೇಳುವಂತಿರಲಿಲ್ಲ. 2003ರಲ್ಲಿ ಲೀಗ್ ಈ ಕ್ರಮವನ್ನು ತಿರುವುಮುರುವು ಮಾಡಿದಾಗ ಸಂಶೋಧಕರಿಗೆ ಬೇಕಾಗಿದ್ದ ಸಹಜ ಪ್ರಯೋಗವೇ ದೊರಕಿತು. ಆದರೆ 2011ರ ಒಂದು ಅಧ್ಯಯನಕ್ಕೆ ಬಣ್ಣದ ಪ್ರಭಾವ ಕಾಣಲಿಲ್ಲ. 2012ರ ಇನ್ನೊಂದಕ್ಕೆ ಗಾಢ ಬಣ್ಣದವರಿಗೆ ಹೆಚ್ಚು ಪೆನಾಲ್ಟಿ ಬಿದ್ದದ್ದು ಕಂಡಿತು. ಪ್ರಭಾವ ಇರುವುದೇ ಆದರೆ, ಅದು ಆಟಗಾರನ ಮನಸ್ಸಿಗಿಂತ ರೆಫರಿಯ ಕಣ್ಣಿನಲ್ಲಿ ಹುಟ್ಟುವುದೇ ಹೆಚ್ಚು ಸಂಭವ ಎಂದು ನನಗೆ ತೋರುತ್ತದೆ, ಏಕೆಂದರೆ ಬಿಳಿಯ ಮಂಜುಗಡ್ಡೆಯ ಮೇಲೆ ಗಾಢ ಬಣ್ಣದ ತೋಳು ಮಾಡುವ ತಪ್ಪು ಬಿಳಿ ತೋಳಿನ ತಪ್ಪಿಗಿಂತ ಬೇಗ ಕಣ್ಣಿಗೆ ಬೀಳುತ್ತದೆ.